ಶೇ. 1ರ ಕನ್ನಡಿ ಹಾಕಿದ ಮೇಲೆ ಲೇಸರ್ ಕ್ಯಾವಿಟಿ ಸ್ಥಿರವಾಗಿ ನಿಂತಿತು: ನನ್ನ ಅನುಭವ

ಕ್ಯಾವಿಟಿ ಅಂದರೆ ಲೇಸರ್ ಬೆಳಕನ್ನು ಕನ್ನಡಿಗಳ ನಡುವೆ ಸುತ್ತಿಸಿ ಪೇರಿಸುವ ರಿಂಗ್. ಬೆಳಕನ್ನು ಇನ್‌ಪುಟ್ ಕನ್ನಡಿ ಎಷ್ಟು ಒಳಗೆ ಬಿಡುತ್ತದೋ ಒಂದು ಸುತ್ತಿನ ನಷ್ಟವೂ ಅಷ್ಟೇ ಇರಬೇಕು ಅನ್ನೋದು ಕ್ಯಾವಿಟಿ ಕಟ್ಟುವ ಎಲ್ಲರಿಗೂ ಬಾಯಿಪಾಠ. ನಾನು ಅದನ್ನು ಬದಿಗಿಟ್ಟೆ. ನಷ್ಟ ಶೇ. 0.1ರ ಆಸುಪಾಸು ಇದ್ದ ರಿಂಗ್‌ಗೆ ಶೇ. 1ರಷ್ಟು ಬೆಳಕು ಒಳಗೆ ಬಿಡುವ ಕನ್ನಡಿ ಕೂರಿಸಿದೆ. ‘ಮೂರರಲ್ಲಿ ಎರಡು ಪಾಲು ಬೆಳಕು ವಾಪಸ್ ಬರುತ್ತದಲ್ಲ, ಇದೆಂಥ ಡಿಸೈನ್?’ ಅಂದರು ನೋಡಿದವರು. ವಾಪಸ್ ಬರುವುದು ನಿಜ. ಆದರೆ ಒಳಗೆ ಝೆನಾನ್ ಗ್ಯಾಸಿನ ಜೆಟ್ ಬಿಟ್ಟರೂ ಈಗ ಲಾಕ್ (ಲೇಸರಿಗೂ ಕ್ಯಾವಿಟಿಗೂ ಇರುವ ಹೊಂದಾಣಿಕೆ) ಗಂಟೆಗಟ್ಟಲೆ ನಿಲ್ಲುತ್ತದೆ.

ಹೀಗೆ ಗ್ಯಾಸ್ ಬಿಟ್ಟು ಕ್ಯಾವಿಟಿಯೊಳಗೇ ಹಾರ್ಮಾನಿಕ್ (ಲೇಸರಿನ ಆವರ್ತನದ ಹಲವು ಪಟ್ಟು ಆವರ್ತನದ ಬೆಳಕು) ತೆಗೆಯುವುದು 2005ರಲ್ಲೇ ಜರ್ಮನಿಯ ಗಾರ್ಚಿಂಗ್‌ನಲ್ಲೂ ಅಮೆರಿಕದ ಬೌಲ್ಡರ್‌ನಲ್ಲೂ ಆಗಿದೆ. ನನ್ನ ತಲೆನೋವು ಅದನ್ನು ದಿನಾ ನಡೆಸುವುದು. ಲೇಸರ್ ಇಟರ್ಬಿಯಂ ಫೈಬರ್, ಸುಮಾರು 100 ಮೆಗಾಹರ್ಟ್ಸ್, 20 ವಾಟ್, 150 ಫೆಮ್ಟೋಸೆಕೆಂಡ್. ಒಂದು ಪಲ್ಸಿಗೂ ಮುಂದಿನದಕ್ಕೂ ನಡುವೆ ಬೆಳಕು 3 ಮೀಟರ್ ಹೋಗುತ್ತದೆ, ಹಾಗಾಗಿ ರಿಂಗ್ 3 ಮೀಟರ್.

ಮೊದಲು ಶೇ. 0.1ರ ಕನ್ನಡಿಯೇ ಇತ್ತು. ಒಳಗಿನ ಪವರ್ ಲೆಕ್ಕದಲ್ಲಿ ಲೇಸರಿನ 1000 ಪಟ್ಟು, ಖಾಲಿ ಕ್ಯಾವಿಟಿಯಲ್ಲೇ ಸಿಕ್ಕಿದ್ದು 300ರ ಹತ್ತಿರ. ಲೈನ್‌ವಿಡ್ತ್ (ಕ್ಯಾವಿಟಿ ಒಪ್ಪುವ ಆವರ್ತನದ ಅಗಲ) 30 ಕಿಲೋಹರ್ಟ್ಸ್ ಇದ್ದರೆ ವ್ಯಾಕ್ಯೂಮ್ ಪಂಪಿನ ಸದ್ದೂ ಸಾಕು ಲಾಕ್ ಕೀಳಲು. ಹಾರ್ಮಾನಿಕ್ ಹೊರಗೆ ತೆಗೆಯುವ ಸಫೈರ್ ತಟ್ಟೆ ಇಟ್ಟಾಗ ಇನ್ನೂ ಇಳಿಯಿತು, ಗ್ಯಾಸ್ ಬಿಟ್ಟಾಗ ಅದು ಅಯಾನುಗಳಾಗಿ ಒಡೆದ ಪ್ಲಾಸ್ಮಾ ರೆಸೊನೆನ್ಸನ್ನೇ (ಕ್ಯಾವಿಟಿ ಒಪ್ಪುವ ಆವರ್ತನವನ್ನೇ) ಸರಿಸಿಬಿಟ್ಟಿತು. ತಟ್ಟೆಯ ಮೇಲೆ ಇಂಗಾಲದ ಕಂದು ಕಲೆ ಬೇರೆ. ಸ್ವಲ್ಪ ಆಮ್ಲಜನಕ ಹಾಯಿಸಿದರೆ ಅದು ಹೋಗುತ್ತದೆ.

ದುಡ್ಡು ಹೋಗಿದ್ದು ಕನ್ನಡಿಗಳ ಕೋಟಿಂಗ್‌ಗೆ. ಒಂದು ಕನ್ನಡಿಗಾದರೂ ಇಪ್ಪತ್ತಕ್ಕಾದರೂ ಕೋಟಿಂಗಿನ ಒಂದು ಓಟದ (ಬ್ಯಾಚಿನ) ಖರ್ಚು ಹೆಚ್ಚುಕಮ್ಮಿ ಅಷ್ಟೇ. ವರ್ಷದ ಅನುದಾನದ ಅರ್ಧ ಅಲ್ಲೇ ಕರಗಿತು. ಬಂದ ಬ್ಯಾಚಿನಲ್ಲಿ ನಷ್ಟ ಹೇಳಿದ್ದಕ್ಕಿಂತ ಜಾಸ್ತಿ ಇತ್ತು, ವಾಪಸ್ ತಗೊಳ್ಳಲಿಲ್ಲ.

ಆಗ ಕೂತು ಲೆಕ್ಕ ಹಾಕಿದೆ. ನಷ್ಟ ಶೇ. 0.1ರಿಂದ 0.3ಕ್ಕೆ ಏರಿದರೆ ಹಳೇ ಕನ್ನಡಿಯಲ್ಲಿ 1000 ಪಟ್ಟು 250ಕ್ಕೆ ಬೀಳುತ್ತದೆ. ಶೇ. 1ರ ಕನ್ನಡಿಯಲ್ಲಿ 330 ಇದ್ದದ್ದು ಸುಮಾರು 235. ಅಂದರೆ ನಿಜವಾಗಿ ಕೆಲಸ ಮಾಡುವ ಹೊತ್ತಿಗೆ ಎರಡೂ ಒಂದೇ, ಅಲ್ವಾ? ಮೇಲಿಂದ ಲೈನ್‌ವಿಡ್ತ್ ಐದು ಪಟ್ಟಿಗಿಂತ ಅಗಲ. ಪ್ಲಾಸ್ಮಾ ಸ್ವಲ್ಪ ತಳ್ಳಿದರೂ ಕ್ಯಾವಿಟಿ ಹೊರಗೆ ಬೀಳುವುದಿಲ್ಲ. ಆ ಕನ್ನಡಿ ರೆಡಿ ಸ್ಟಾಕಿನಲ್ಲೇ ಸಿಕ್ಕಿತು, ಕೋಟಿಂಗ್ ಓಟದ ಮುಂದೆ ಪುಡಿಗಾಸು.

ಈಗ ತಟ್ಟೆ ಒಳಗಿದ್ದೂ 230ರ ಹತ್ತಿರ ಬರುತ್ತಿದೆ. ಒಳಗೆ ನಾಲ್ಕೂವರೆ ಕಿಲೋವಾಟ್. ಫೋಕಸ್‌ನ ತ್ರಿಜ್ಯ 25 ಮೈಕ್ರಾನ್, ಅಂದರೆ ಚದರ ಸೆಂಟಿಮೀಟರಿಗೆ 3×10¹³ ವಾಟ್ ಹತ್ತಿರ. ಸ್ಪೆಕ್ಟ್ರೋಮೀಟರಿನಲ್ಲಿ ಹಾರ್ಮಾನಿಕ್‌ಗಳು ಸಾಲಾಗಿ ನಿಂತಿರುವುದನ್ನು, ಅಂದು ಕೇಳಿದವರನ್ನೇ ಕರೆದು ತೋರಿಸಿದೆ.

ನಡುವೆ ಸುಮ್ನೆ ವ್ಯಾಕ್ಯೂಮ್ ಇಲ್ಲದೆಯೂ ಓಡಿಸಿ ನೋಡಿದೆ. 3 ಮೀಟರ್ ಗಾಳಿ ಸುತ್ತಿಗೆ 50 ಚದರ ಫೆಮ್ಟೋಸೆಕೆಂಡ್‌ನಷ್ಟು ಡಿಸ್ಪರ್ಷನ್ (ಬೇರೆ ಬೇರೆ ಬಣ್ಣ ಬೇರೆ ಬೇರೆ ವೇಗದಲ್ಲಿ ಹೋಗುವುದು) ಸೇರಿಸುತ್ತದೆ. ಹಳೇ ಕನ್ನಡಿಯಲ್ಲಿ ಸ್ಪೆಕ್ಟ್ರಮ್ಮಿನ ಎರಡೂ ಅಂಚು ಕತ್ತರಿಸಿ ಹೋಗುತ್ತಿತ್ತು, ಇದರಲ್ಲಿ ಸಾಕಷ್ಟು ಉಳಿಯಿತು. ಅಲೈನ್‌ಮೆಂಟ್ ಪೂರ್ತಿ ಈಗ ಗಾಳಿಯಲ್ಲೇ ಮಾಡುತ್ತೇನೆ. ಝೆನಾನ್‌ಗೆ ಹೀಲಿಯಂ ಬೆರೆಸಿಯೂ ನೋಡಿದೆ. ಬೆರಕೆ ಜೆಟ್ ಬೇಗ ಹರಿಯುತ್ತದೆ, ಹಿಂದಿನ ಪ್ಲಾಸ್ಮಾ ಬೇಗ ಜಾಗ ಖಾಲಿ ಮಾಡುತ್ತದೆ. ಗ್ಯಾಸ್ ಬಿಲ್ ಮಾತ್ರ ಏರುತ್ತದೆ.

ಲಾಕ್ ಹಿಡಿಯಲು ವಿದ್ಯುತ್ತಿನಿಂದ ಅಲುಗಿಸುವ ಪೀಜೋ ಕನ್ನಡಿ ಆದಷ್ಟು ಚಿಕ್ಕದಿರಲಿ, ಮೌಂಟಿನ ಒಳಗೆ ಸೀಸ ತುಂಬಿ. ತಟ್ಟೆಯನ್ನು ಫೋಕಸ್‌ನಿಂದ ಎಷ್ಟು ದೂರ ಇಟ್ಟಿದ್ದೇನೆ, ಅದರ ಬ್ರೂಸ್ಟರ್ ಕೋನವನ್ನು (ಲೇಸರ್ ಪ್ರತಿಫಲಿಸದೆ ದಾಟುವ ಓರೆಯನ್ನು) ಲಾಕ್ ಆಗಿರುವಾಗಲೇ ಹೇಗೆ ತಿದ್ದುತ್ತೇನೆ ಅನ್ನೋದನ್ನು ಸದ್ಯಕ್ಕೆ ಹೇಳುವುದಿಲ್ಲ. ಶೇ. 1.5ರ ಕನ್ನಡಿಗೂ ಆರ್ಡರ್ ಹೋಗಿದೆ. ಗ್ಯಾಸ್ ಇನ್ನಷ್ಟು ದಟ್ಟ ಬಿಟ್ಟು ನೋಡಬೇಕಿದೆ.