‘ಕ್ಯಾಚ್-22’ ಓದಿಸಲು ಬೇಕಾದ ಲೆಕ್ಕ

ಕಾಸರಗೋಡಿನ ನಮ್ಮ ಓದುಕೂಟದಲ್ಲಿ ಜೋಸೆಫ್ ಹೆಲ್ಲರ್ 1961ರಲ್ಲಿ ಪ್ರಕಟಿಸಿದ ‘ಕ್ಯಾಚ್-22’ ಓದಿಸುವಾಗ ನಾನು ಅನುಸರಿಸುವ ಕ್ರಮ ಇದು.

ಎರಡನೇ ಮಹಾಯುದ್ಧದ ಅಮೆರಿಕದ ಬಾಂಬರ್ ವಿಮಾನದಳವೊಂದರ ಕುರಿತ, 42 ಅಧ್ಯಾಯಗಳ ಈ ಕಾದಂಬರಿಯಲ್ಲಿ ಕತೆ ಹಿಂದೆ ಮುಂದೆ ಜಿಗಿಯುತ್ತದೆ. ಸತ್ತವನು ಮತ್ತೆಲ್ಲೋ ಬದುಕಿರುತ್ತಾನೆ. ಹೆಚ್ಚಿನವರು ಪುಸ್ತಕ ಕೆಳಗಿಡುವುದು ಇಲ್ಲೇ. ತಾರೀಕು ಹುಡುಕಿ ಪ್ರಯೋಜನವಿಲ್ಲ, ದಳದ ಮುಖ್ಯಸ್ಥ ಕರ್ನಲ್ ಕ್ಯಾತ್‌ಕಾರ್ಟ್ ಏರಿಸುತ್ತಾ ಹೋಗುವ, ಮನೆಗೆ ಮರಳುವ ಮೊದಲು ಪ್ರತಿಯೊಬ್ಬನೂ ಮುಗಿಸಬೇಕಾದ ಬಾಂಬುದಾಳಿ ಹಾರಾಟಗಳ ಸಂಖ್ಯೆ ಹಿಡಿಯಬೇಕು. 40, 50, 55, 60, 70, 80 ಎಂದು ಕಂಡಕಂಡಲ್ಲಿ ಪುಟದಂಚಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತಾನಾಗಿ ತಿಳಿಯುತ್ತದೆ. ಮೇಲಿನ 27ನೇ ವಾಯುಸೇನಾ ಕೇಂದ್ರ ಕೇಳುವುದು 40 ಮಾತ್ರ. ಮಿಕ್ಕದ್ದು ಕರ್ನಲನ ಬಡ್ತಿಯಾಸೆ. ತೆರುವವರು ಹುಡುಗರು.

ಹೆಸರೂ ಹುದ್ದೆಯೂ ಮೇಜರ್ ಆಗಿರುವ ಮೇಜರ್ ಮೇಜರ್‌ನ ಆಜ್ಞೆಯನ್ನು ಗಟ್ಟಿಯಾಗಿ ಓದಿಸಬೇಕು: ತಾನು ಕಚೇರಿಯಲ್ಲಿರುವಾಗ ಯಾರನ್ನೂ ಬಿಡಕೂಡದು, ಹೊರಗೆ ಹೋದ ಮೇಲೆ ಒಳಗೆ ಕಳಿಸಬಹುದು. ಓದುವವರು ದನಿ ತಿರುಚಿ ನಗಿಸಲು ಹೊರಟರೆ ಕೆಟ್ಟಿತು. ಸುತ್ತೋಲೆ ಓದುವ ಗುಮಾಸ್ತನ ಸಪ್ಪೆ ದನಿಯೇ ಸರಿ. ಆ ಅಧಿಕಾರಿಗಳಾರೂ ತಮಾಷೆ ಮಾಡುತ್ತಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದದ್ದು 22ನೇ ಅಧ್ಯಾಯದ ಮೊಟ್ಟೆ ವ್ಯಾಪಾರಕ್ಕೆ. ಮೆಸ್ಸಿನ ಅಧಿಕಾರಿ ಮೈಲೋ 7 ಸೆಂಟಿಗೆ ಕೊಂಡ ಮೊಟ್ಟೆಯನ್ನು 5 ಸೆಂಟಿಗೆ ಮಾರಿಯೂ ಲಾಭ ಮಾಡುತ್ತಾನೆ. ಬೋರ್ಡಿನ ಮೇಲೆ ಬರೆಯಿರಿ: ಸಿಸಿಲಿಯಲ್ಲಿ ಖರೀದಿ 1 ಸೆಂಟ್, ಗುಟ್ಟಾಗಿ ಮಾಲ್ಟಾಕ್ಕೆ ದಾಟಿಸುವಾಗ 4½, ಅಲ್ಲಿ ತನಗೆ ತಾನೇ ಮಾರಿಕೊಳ್ಳುವುದು 7, ಮೆಸ್ಸಿಗೆ 5. ಲಾಭ 3½ ಮತ್ತು 2½, ಸೇರಿ 6. ಮೆಸ್ಸಿನಲ್ಲಿ ನಷ್ಟ 2. ಉಳಿಕೆ 4. ಈಗ ಮಾಲ್ಟಾದ ಸಾಲುಗಳನ್ನು ಒರೆಸಿಬಿಡಿ. ಐದರಲ್ಲಿ ಒಂದು ಕಳೆದರೂ ನಾಲ್ಕೇ! ಮಾಲ್ಟಾ ಬರೀ ಮರೆ. ಸಾಗಿಸಿದ ವಿಮಾನ, ಪೈಲಟ್ ಎಲ್ಲ ಸೇನೆಯದು. ಅಡಿಕೆ ಧಾರಣೆ ನೋಡುತ್ತಲೇ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಎರಡನೇ ಸಲ ವಿವರಿಸಬೇಕಾಗಿಲ್ಲ.

ಆದರೆ ಇಲ್ಲಿಗೆ ನಿಲ್ಲಿಸಬಾರದು. 24ನೇ ಅಧ್ಯಾಯದಲ್ಲಿ ಇದೇ ಮೈಲೋ ಜರ್ಮನರಿಂದ ಗುತ್ತಿಗೆ ಹಿಡಿದು ತನ್ನದೇ ಶಿಬಿರಕ್ಕೆ ಬಾಂಬು ಹಾಕಿಸುತ್ತಾನೆ. 41ನೆಯದರಲ್ಲಿ ಗಾಯಗೊಂಡ ಯುವ ಸೈನಿಕ ಸ್ನೋಡನ್ ವಿಮಾನದೊಳಗೆ ಸಾಯುತ್ತಿರುವಾಗ ಕಥಾನಾಯಕ ಯೊಸಾರಿಯನ್ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದರೆ ನೋವು ನೀಗುವ 12 ಮಾರ್ಫಿನ್ ಟ್ಯೂಬುಗಳಿಲ್ಲ; ಮೈಲೋನ ಕಂಪೆನಿಗೆ ಒಳ್ಳೆಯದಾದರೆ ದೇಶಕ್ಕೂ ಒಳ್ಳೆಯದೆಂಬ ಚೀಟಿ ಇದೆ. ಮೂರನ್ನೂ ಒಂದೇ ದಿನ ಓದಿಸಿ. ವಾರ ವಾರ ಬಿಟ್ಟು ಓದಿಸಿದರೆ ಮೈಲೋ ಜಾಣ ವ್ಯಾಪಾರಿಯಾಗಿಯೇ ತಲೆಯಲ್ಲಿ ಕೂರುತ್ತಾನೆ.