ಡೈವೋರ್ಸ್‌ಗೆ ಮೊದಲು ಜಂಟಿ ಮನೆ ಸಾಲ ನೋಡಿಕೊಳ್ಳಿ

ಇಬ್ಬರೂ ಒಪ್ಪಿ ಡೈವೋರ್ಸ್ ತಗೊಳ್ಳುವವರು ಕೋರ್ಟಿನಲ್ಲಿ ಎರಡನೇ ಸಲ ಹೇಳಿಕೆ ಕೊಡುವ ಮೊದಲೇ ಜಂಟಿ ಮನೆ ಸಾಲದಿಂದ ತಮ್ಮ ಹೆಸರು ತೆಗೆಸಿ, ಬ್ಯಾಂಕಿನಿಂದ ಪತ್ರ ತಗೊಳ್ಳಿ. "ಫ್ಲ್ಯಾಟ್ ಅವರಿಗೆ, ಸಾಲವೂ ಅವರೇ ಕಟ್ಟುವುದು" ಅಂತ ರಾಜಿ ಪತ್ರದಲ್ಲಿ ಬರೆದರೆ ಸಾಕು ಅಂದುಕೊಳ್ಳುವವರೇ ಜಾಸ್ತಿ. ಸಾಕಾಗುವುದಿಲ್ಲ ಮಾರಾಯ್ರೆ. ಅದು ನಿಮ್ಮಿಬ್ಬರ ಒಪ್ಪಂದ, ಬ್ಯಾಂಕ್ ಅದಕ್ಕೆ ಸಹಿ ಹಾಕಿಲ್ಲ, ಹಾಗಾಗಿ ನಾಳೆ ನಿಮ್ಮ ಸಂಗಾತಿಗೆ, ಉದಾಹರಣೆಗೆ, ಮಸ್ಕತ್‌ನ ಕೆಲಸ ಹೋಗಿ ಕಂತು ತಪ್ಪಿದರೆ ಬ್ಯಾಂಕಿನ ಫೋನ್ ಉಡುಪಿಯಲ್ಲಿರುವ ನಿಮಗೂ ಬರುತ್ತದೆ, ಸಾಲ ಸರಿಯಾಗಿ ಕಟ್ಟುತ್ತೀರಾ ಅಂತ ತೋರಿಸುವ ನಿಮ್ಮ ಸಿಬಿಲ್ ಸ್ಕೋರೂ ಇಳಿಯುತ್ತದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿ ಅರ್ಜಿ ಹಾಕಿದ ಮೇಲೆ ಎರಡನೇ ಹೇಳಿಕೆಗೆ ಸಾಮಾನ್ಯವಾಗಿ 6 ತಿಂಗಳು ಕಾಯಬೇಕಲ್ವಾ, ಬ್ಯಾಂಕಿನ ಕೆಲಸ ಆ ಸಮಯದಲ್ಲೇ ಮುಗಿಸಿ. ಆದರೆ 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೆಲವು ಸಂದರ್ಭಗಳಲ್ಲಿ ಕೋರ್ಟ್ ಈ ಅವಧಿಯನ್ನು ಮನ್ನಾ ಮಾಡಬಹುದು, ಆದ್ದರಿಂದ ತಡ ಮಾಡಬೇಡಿ. ಇನ್ನೊಂದು, ಫ್ಲ್ಯಾಟಿನ ಹಕ್ಕು ಬಿಡುಗಡೆ ಪತ್ರವನ್ನು ಬ್ಯಾಂಕಿನ ಪತ್ರ ಕೈಗೆ ಬರುವ ಮೊದಲು ರಿಜಿಸ್ಟರ್ ಮಾಡಿಸಬೇಡಿ, ಇಲ್ಲದಿದ್ದರೆ ಮನೆ ಅವರದ್ದು, ಸಾಲ ಮಾತ್ರ ನಿಮ್ಮ ತಲೆ ಮೇಲೂ ಉಳಿಯುತ್ತದೆ. ಸಾಲ ಉಳಿಸಿಕೊಳ್ಳುವವರ ಒಂದೇ ಸಂಬಳ ಸಾಕಾಗದಿದ್ದರೆ ನಿಮ್ಮ ಹೆಸರು ತೆಗೆಯಲು ಬ್ಯಾಂಕ್ ಒಪ್ಪುವುದು ಕಷ್ಟ. ಆಗ ಅವರ ಮನೆಯವರು ಯಾರಾದರೂ ಸಾಲಕ್ಕೆ ಸೇರಬೇಕು, ಆಗದಿದ್ದರೆ ಫ್ಲ್ಯಾಟ್ ಮಾರಿ ಸಾಲ ತೀರಿಸಬೇಕು. ಗಲ್ಫಿಗೆ ಹೋಗುವಾಗ ಬರೆದುಕೊಟ್ಟ ಪವರ್ ಆಫ್ ಅಟಾರ್ನಿ ಇದ್ದರೆ ಅದನ್ನೂ ರದ್ದು ಮಾಡಿಸಿ.