ಕೌಂಟರಿನ ಒಳಗಿನ ಕುರ್ಚಿ ತೆಗೆದೆ

ದಾವಣಗೆರೆಯಲ್ಲಿ ನಮ್ಮದು ಗೊಬ್ಬರ, ಔಷಧಿ ಅಂಗಡಿ. ಮಾಯಕೊಂಡ, ಆನಗೋಡು ಕಡೆಯ ಮೆಕ್ಕೆಜೋಳದ ರೈತರೇ ಜಾಸ್ತಿ. ಮುಂಗಾರು ಶುರುವಾದರೆ ರೈತರಿಗಿಂತ ಮೊದಲು ಮಾಲು ಮಾರೋ ಕಂಪನಿ ಹುಡುಗರು ಬಂದು ನಿಲ್ಲುತ್ತಾರೆ. ಎಲ್ಲರೂ ಹಾಗಲ್ಲ, ಆದರೆ ಒಬ್ಬ ಮಾತ್ರ ಸೀದಾ ಕೌಂಟರ್ ಒಳಗೇ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ನಮ್ಮ ಅಪ್ಪನನ್ನು ಅಪ್ಪಾಜಿ ಅಂತಿದ್ದ. ಸಲಿಗೆ ಅಂದುಕೊಂಡು ಸುಮ್ಮನಿದ್ದೆ.

ಒಂದು ದಿನ ರೈತರೊಬ್ಬರು ಸೈನಿಕ ಹುಳು ತಿಂದ ಸುಳಿ ಹಿಡಿದು ಬಂದರು. 2018ರಲ್ಲಿ ನಮ್ಮ ಕಡೆ ಕಾಲಿಟ್ಟ ಹುಳು, ಇನ್ನೂ ಬಿಟ್ಟಿಲ್ಲ. ಎಮಾಮೆಕ್ಟಿನ್ ಅನ್ನೋ ಹುಳದ ಔಷಧಿ ಕೊಟ್ಟು, ಲೀಟರ್ ನೀರಿಗೆ 0.4 ಗ್ರಾಂ, ಸುಳಿಯೊಳಗೆ ಬೀಳೋ ಹಾಗೆ ಹೊಡೀರಿ ಅಂದೆ. ಅಷ್ಟರಲ್ಲಿ ಇವನು, "ಗೌಡ್ರೇ, ಜೊತೆಗೆ ಈ ಟಾನಿಕ್ಕೂ ಹಾಕಿ, ಹುಳಾನೂ ಹೋಗುತ್ತೆ, ತೆನೆನೂ ದಪ್ಪ ಆಗುತ್ತೆ" ಅಂತ ಬಾಟಲಿ ಕೈಗಿಟ್ಟ. ಹದಿನೈದು ದಿನ ಬಿಟ್ಟು ಅವರು, ಟಾನಿಕ್ಕಿಗೆ ಕೊಟ್ಟ ದುಡ್ಡು ದಂಡ ಅಂತ ಸಿಟ್ಟಿನಿಂದ ಬಂದರು, "ನಿಮ್ಮ ಹುಡುಗ ಹೇಳಿದ್ದಕ್ಕೇ ತಗೊಂಡೆ ಕಣ್ರೀ." ನನ್ನ ಹುಡುಗ! ಲೈಸೆನ್ಸ್ ನನ್ನದು, ಬಿಲ್ ನನ್ನದು, ಬೈಗುಳವೂ ನನಗೇ.

ಮರುದಿನ ಗಿರಾಕಿಗಳ ಮುಂದೆಯೇ ಅವನನ್ನು ತರಾಟೆಗೆ ತೆಗೆದುಕೊಂಡೆ. ಅದು ನನ್ನ ತಪ್ಪು. ಅವನು ತಲೆ ತಗ್ಗಿಸಿ ನಿಂತ, ಅಪ್ಪ "ಪಾಪ, ಹೊಟ್ಟೆಪಾಡು" ಅಂದರು, ನಾನೇ ಕೆಟ್ಟವನಾದೆ.

ಆಮೇಲೆ ಅವನು ನನ್ನನ್ನು ಬಿಟ್ಟು ಅಪ್ಪನಿಗೇ ಫೋನ್ ಹಚ್ಚತೊಡಗಿದ. ಮಾರ್ಚ್ 30ಕ್ಕೆ ಲಗೇಜ್ ಆಟೋದಲ್ಲಿ ನಲವತ್ತು ಬಾಕ್ಸ್ ಬಂದು ನಿಂತವು. ಅಪ್ಪ ಫೋನಿನಲ್ಲಿ "ನೋಡೋಣಪ್ಪಾ" ಅಂದಿದ್ದರಂತೆ, ಅದೇ ಆರ್ಡರ್! ಈ ಆಟ ನಮ್ಮ ಲೈನಿನವರಿಗೆಲ್ಲ ಗೊತ್ತು. ವರ್ಷದ ಟಾರ್ಗೆಟ್ ಮುಟ್ಟೋಕೆ ಮಾರ್ಚ್‌ನಲ್ಲೇ ಬಿಲ್ ಹಾಕಿ ಮಾಲು ನಮ್ಮ ಗೋಡೌನಿಗೆ ತುಂಬುತ್ತಾರೆ, ಮಾರಾಟ ಆಗದಿದ್ದರೆ ವಾಪಸ್ ತಗೋತೀವಿ ಅಂತ ಬಾಯಿಮಾತಲ್ಲಿ ಹೇಳುತ್ತಾರೆ, ಡೇಟ್ ಮುಗಿದ ಮೇಲೆ ಫೋನೇ ಎತ್ತಲ್ಲ. ನಾನು ಒಂದು ಬಾಕ್ಸೂ ಇಳಿಸಿಕೊಳ್ಳಲಿಲ್ಲ. ಬಿಲ್ಲಿನ ಮೇಲೆ "ಆರ್ಡರ್ ಕೊಟ್ಟಿಲ್ಲ, ವಾಪಸ್" ಅಂತ ಬರೆದು ಸಹಿ ಹಾಕಿ, ಫೋಟೋ ತೆಗೆದು ಅವನಿಗೂ ಅವನ ಮ್ಯಾನೇಜರಿಗೂ ವಾಟ್ಸಾಪ್ ಮಾಡಿದೆ. ಜಿಎಸ್‌ಟಿಯಲ್ಲಿ ಆ ಬಿಲ್ ನನ್ನ ಹೆಸರಿಗೆ ಬಂದು ಕೂರುತ್ತದೆ ಅಲ್ವಾ, ಆ ಬಿಲ್ ವಜಾ ಮಾಡೋ ಕ್ರೆಡಿಟ್ ನೋಟ್ ಕೈಗೆ ಬರುವವರೆಗೆ ಬಿಡಲಿಲ್ಲ.

ಅದೇ ವಾರ ಒಳಗಿನ ಕುರ್ಚಿ ತೆಗೆದು ಮನೆಗೆ ಕಳಿಸಿದೆ. ಕಂಪನಿಯವರಿಗೆ ಬುಧವಾರ ಮಧ್ಯಾಹ್ನ ಎರಡರಿಂದ ಮೂರು, ರೈತರು ಕಮ್ಮಿ ಇರುವ ಹೊತ್ತು. ನನ್ನ ನಂಬರಿನಿಂದ ಬರೆದು ಕಳಿಸಿದ್ದು ಮಾತ್ರ ಆರ್ಡರ್. ಇದನ್ನು ಎಲ್ಲ ಕಂಪನಿಯವರಿಗೂ ಒಂದೇ ಮೆಸೇಜಿನಲ್ಲಿ ಹೇಳಿದೆ, ಇವನೊಬ್ಬನಿಗೇ ಅಂತ ಅನ್ನಿಸಬಾರದು ನೋಡಿ.

ಆದರೂ ಅವನು ಬಿಡಲಿಲ್ಲ. ಅಂಗಡಿ ಹುಡುಗನಿಗೆ ಬೆಣ್ಣೆ ದೋಸೆ ತಿನ್ನಿಸಿ, ಉದ್ರಿ ಪುಸ್ತಕದಿಂದ ರೈತರ ಫೋನ್ ನಂಬರ್ ಫೋಟೋ ತೆಗೆಸಿಕೊಂಡಿದ್ದ. ಯಾರು ಎಷ್ಟು ಬಾಕಿ ಅನ್ನೋದೂ ಅದರಲ್ಲೇ ಇತ್ತು! ಹುಡುಗನನ್ನು ಬೈಯಲಿಲ್ಲ, ಪುಸ್ತಕಕ್ಕೆ ಬೀಗ ಬಿತ್ತು. ಮ್ಯಾನೇಜರಿಗೆ ಮಾತ್ರ, ಇನ್ನೊಮ್ಮೆ ಹೀಗಾದರೆ ನಿಮ್ಮ ಕಂಪನಿ ಮಾಲೇ ಇಡಲ್ಲ ಅಂತ ಬರೆದೆ.

ಯೂರಿಯಾ ವಿಷಯದಲ್ಲಿ ನಾನು ಗೆದ್ದಿಲ್ಲ. ಲೋಡ್ ಬೇಕಾದರೆ ಜೊತೆಗೆ ನ್ಯಾನೋ ಯೂರಿಯಾ ಬಾಟಲಿನೂ ತಗೊಳ್ಳಲೇಬೇಕು ಅಂತ ನಮಗೆ ಮಾಲು ಕೊಡೋ ಡೀಲರ್ ಲಿಂಕ್ ಹಾಕುತ್ತಾನೆ. ಲಿಂಕ್ ಹಾಕಬಾರದು ಅಂತ ಸರ್ಕಾರವೇ ಹೇಳಿದೆ. ಒಂದು ಸಲ ಕೃಷಿ ಇಲಾಖೆಗೆ ಬರೆದುಕೊಟ್ಟೆ, ಆ ಸಲ ಲೋಡ್ ನಾಲ್ಕು ದಿನ ತಡ, ನನ್ನ ರೈತರು ಪಕ್ಕದ ಅಂಗಡಿಯಲ್ಲಿ ಕ್ಯೂ ನಿಂತಿದ್ದರು.

ಆ ಕಂಪನಿ ಹುಡುಗ ಈಗಲೂ ಬುಧವಾರ ಬರುತ್ತಾನೆ, ಕೌಂಟರಿನ ಆಚೆ ನಿಂತೇ ಮಾತಾಡುತ್ತಾನೆ. ಮೂರು ಗಂಟೆ ಆಗುತ್ತಿದ್ದಂತೆ ಅಪ್ಪ ಹೊರಗಿನ ಕಟ್ಟೆಗೆ ಕರೆದುಕೊಂಡು ಹೋಗಿ ಟೀ ಕೊಡಿಸುತ್ತಾರೆ.